ವಿಯೆನ್ನಾ–ವೆನಿಸ್ ನೈಟ್‌ಜೆಟ್: ಯಾವ ಬರ್ತ್‌ಗೆ ದುಡ್ಡು ಕೊಡಬೇಕು?

ರಾತ್ರಿ ವಿಯೆನ್ನಾದಲ್ಲಿ ಹತ್ತಿದರೆ ಆಸ್ಟ್ರಿಯಾ ರೈಲ್ವೆಯ ಈ ಗಾಡಿ ಬೆಳಗ್ಗೆ ವೆನಿಸ್‌ನ ಸಾಂಟಾ ಲೂಚಿಯಾಗೆ ತಲುಪಿಸುತ್ತದೆ. ನಿಲ್ದಾಣದ ಹೊರಗೆ ಕಾಲಿಟ್ಟರೆ ಎದುರಿಗೇ ಗ್ರ್ಯಾಂಡ್ ಕೆನಾಲ್. ವಾರಾಂತ್ಯದ ಸುತ್ತಾಟಕ್ಕೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ.

ಸೀಟು ಬೇಡವೇ ಬೇಡ, ಮಾರನೇ ದಿನ ತೂಕಡಿಕೆಯಲ್ಲೇ ಹೋಗುತ್ತದೆ. ಕುಶೆಟ್ ಅಂದರೆ ಮಲಗುವ ಬರ್ತ್‌ಗಳಿರುವ ಕೋಣೆ, ಅದರಲ್ಲಿ 4 ಅಥವಾ 6 ಬರ್ತ್‌. 6ರದ್ದು ನಮ್ಮ ತ್ರೀ ಟಯರ್‌ ಹಾಗೆಯೇ, ಆದರೆ ಬಾಗಿಲು ಹಾಕಿಕೊಳ್ಳಬಹುದು. ಎಲ್ಲರೂ ಮಲಗಿದ ಮೇಲೆ ನೆಟ್ಟಗೆ ಕೂರಲು ಆಗದು, ದೊಡ್ಡ ಸೂಟ್‌ಕೇಸ್ ಇಡಲು ಜಾಗಕ್ಕೆ ಪರದಾಟ. ಸ್ವಲ್ಪ ಹೆಚ್ಚು ಕೊಟ್ಟು 4ರದ್ದನ್ನೇ ತೆಗೆದುಕೊಳ್ಳಿ. ದಿಂಬು, ಹೊದಿಕೆ, ಬೆಳಗ್ಗೆ ಎರಡು ಬನ್, ಬೆಣ್ಣೆ, ಜಾಮ್, ಕಾಫಿ ಅಥವಾ ಟೀ ಟಿಕೆಟ್‌ನಲ್ಲೇ ಸೇರಿವೆ. ಕುಶೆಟ್‌ಗಿಂತ ಮೇಲಿನ ದರ್ಜೆಯಾದ ಸ್ಲೀಪರ್‌ನಲ್ಲಿ ಹಾಸಿಗೆ, ಕೋಣೆಯೊಳಗೇ ವಾಶ್‌ಬೇಸಿನ್. ಅಲ್ಲಿ ತಿಂಡಿಯ ಕಾರ್ಡ್‌ನಲ್ಲಿ 6 ಪದಾರ್ಥ ಗುರುತು ಹಾಕಿ ರಾತ್ರಿಯೇ ಅಟೆಂಡೆಂಟ್‌ಗೆ ಕೊಡಬೇಕು. ಊಟದ ಬೋಗಿ ಇಲ್ಲ. ಸಸ್ಯಾಹಾರಿಗಳು ರಾತ್ರಿಯೂಟ ಕಟ್ಟಿಕೊಂಡೇ ಹತ್ತುವುದು ಕ್ಷೇಮ.

ಮುಖ್ಯವಾದದ್ದು ಬೋಗಿ ಸಂಖ್ಯೆ. ನೈಟ್‌ಜೆಟ್ ಗಾಡಿಗಳ ಬೋಗಿಗಳನ್ನು ನಡುರಾತ್ರಿ ಬಿಡಿಸಿ ಬೇರೆ ಊರಿನ ಗಾಡಿಗೆ ಜೋಡಿಸುವುದುಂಟು. ತಪ್ಪು ಬೋಗಿಯಲ್ಲಿ ನಿದ್ದೆ ಹೋದರೆ ಬೆಳಗಾಗುವುದು ಬೇರೆಲ್ಲೋ. ಬಾಗಿಲ ಪಕ್ಕದ ಫಲಕದಲ್ಲಿ ಸಂಖ್ಯೆ, ಊರು ಎರಡನ್ನೂ ನೋಡಿ ಹತ್ತಿ. ವೆನಿಸ್‌ಗೆ ಮುಂಚೆ ಬರುವ ಮೆಸ್ಟ್ರೆ ನಿಲ್ದಾಣದಲ್ಲಿ ಅವಸರಪಟ್ಟು ಇಳಿಯಬೇಡಿ, ಅದಿನ್ನೂ ದಡದ ಈಚೆಯ ಊರು.

ದರ ಬೇಡಿಕೆಗೆ ತಕ್ಕಂತೆ ಏರುತ್ತದೆ, ಬೇಗ ಬುಕ್ ಮಾಡಿ. ಅತಿ ಅಗ್ಗದ ಟಿಕೆಟ್ ನೀವು ರದ್ದು ಮಾಡಿದರೆ ಹಣ ವಾಪಸಿಲ್ಲ, ಹಾಗಾಗಿ ಷೆಂಗೆನ್ ವೀಸಾ ಕೈಸೇರಿದ ಮೇಲೆಯೇ ಅದನ್ನು ಕೊಳ್ಳಿ.