ಯೂಮಿಕ್-1: ಕ್ರಾಸ್‌ಓವರ್ ಅಳತೆಗೆ ಈ ಮೈಕ್ ಸಾಕೇ?

ಶಬ್ದ ಅಳೆಯುವ ಯುಎಸ್‌ಬಿ ಮೈಕ್ ಆದ ಮಿನಿಡಿಎಸ್‌ಪಿಯ ಯೂಮಿಕ್-1ನ್ನು ಹೆಚ್ಚಿನವರು ಕೊಳ್ಳುವುದು ಕೋಣೆಯ ಬೇಸ್ ಸರಿಪಡಿಸಲು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಇಲ್ಲಿ ಪರೀಕ್ಷೆಗೆ ಒಡ್ಡಿರುವುದು ಬೇರೆ ಕೆಲಸಕ್ಕೆ: ಮನೆಯಲ್ಲೇ ಕಟ್ಟಿದ 2-ವೇ ಸ್ಪೀಕರ್‌ಗೆ ಪ್ಯಾಸಿವ್ ಕ್ರಾಸ್‌ಓವರ್ (ಕೆಳದನಿಯನ್ನು ವೂಫರ್‌ಗೆ, ಮೇಲ್ದನಿಯನ್ನು ಟ್ವೀಟರ್‌ಗೆ, ಹೀಗೆ ಎರಡು ಡ್ರೈವರ್‌ಗಳಿಗೆ ಹಂಚುವ ಕಾಯಿಲ್-ಕೆಪಾಸಿಟರ್‌ಗಳ ಜಾಲ) ರೂಪಿಸುವಷ್ಟು ನಂಬಬಹುದಾದ ಅಳತೆ ಇದರಿಂದ ಸಿಗುತ್ತದೆಯೇ? ಸಿಗುತ್ತದೆ, ಒಂದು ಷರತ್ತಿನ ಮೇಲೆ. ಆ ಷರತ್ತು ತಪ್ಪಿದರೆ ಪರದೆಯ ಮೇಲಿನ ಗೆರೆ ನೇರವಾಗಿರುತ್ತದೆ, ಆದರೆ ಹಾಡುವವರ ದನಿ ಮಾತ್ರ ಟೊಳ್ಳಾಗಿ ಕೇಳುತ್ತದೆ.

ಮೊದಲು ಮೆಚ್ಚುವ ಮಾತು. ಪ್ರತಿ ಮೈಕ್‌ಗೂ ಅದರ ಏರುಪೇರನ್ನು ಸರಿದೂಗಿಸುವ ಅದರದೇ ಕ್ಯಾಲಿಬ್ರೇಶನ್ ಫೈಲ್ ಇದೆ. ಮೈಕ್ ಮೇಲಿನ ಸೀರಿಯಲ್ ನಂಬರ್ ಕೊಟ್ಟರೆ ತಯಾರಕರ ತಾಣದಿಂದ ಇಳಿಸಿಕೊಳ್ಳಬಹುದು. 0 ಡಿಗ್ರಿಗೆ ಒಂದು, 90 ಡಿಗ್ರಿಗೆ ಇನ್ನೊಂದು ಫೈಲ್ ಇರುತ್ತದೆ. ಕ್ರಾಸ್‌ಓವರ್ ಕೆಲಸದಲ್ಲಿ ಮೈಕಿನ ಮೂತಿ ಸ್ಪೀಕರ್ ಕಡೆಗೇ ಇರುವುದರಿಂದ 0 ಡಿಗ್ರಿಯದನ್ನೇ ಹಾಕಬೇಕು. ಮೈಕನ್ನು ಚಾವಣಿಗೆ ತಿರುಗಿಸಿ ಕೋಣೆ ಅಳೆಯುವಾಗ ಬಳಸಿದ 90 ಡಿಗ್ರಿಯ ಫೈಲ್ ಹಾಗೆಯೇ ಉಳಿದುಬಿಟ್ಟರೆ ಟ್ವೀಟರ್‌ನ ಮೇಲ್ತುದಿ ಇಲ್ಲದ ಏರಿಕೆ ತೋರಿಸುತ್ತದೆ, ಅದನ್ನು ತಗ್ಗಿಸಲು ಹೊರಟವರ ಸ್ಪೀಕರ್ ಮಂಕಾಗುತ್ತದೆ. ಫೈಲ್‌ನಲ್ಲೇ ಸೆನ್ಸಿಟಿವಿಟಿಯ ಅಂಕಿ ಇರುವುದರಿಂದ ಜಾನ್ ಮಲ್ಕೇಹಿಯವರ ಉಚಿತ ತಂತ್ರಾಂಶ ಆರ್‌ಇಡಬ್ಲ್ಯೂನಲ್ಲಿ ಡೆಸಿಬೆಲ್ ಮಟ್ಟ ನೇರವಾಗಿ ಬರುತ್ತದೆ. 48 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಟ್ವೀಟರ್ ಅಳೆಯಲು ಸಾಕು. ಜೊತೆಗೆ ಬರುವ ಪುಟ್ಟ ಮುಕ್ಕಾಲಿಯನ್ನು ಮಾತ್ರ ಮರೆತುಬಿಡಿ. ಅದನ್ನು ಇಡಲು ಮೇಜು ಬೇಕು, ಮೇಜಿನ ಹಲಗೆ ಶಬ್ದವನ್ನು ಮೈಕಿಗೇ ಹಿಂದಿರುಗಿಸುತ್ತದೆ. ಉದ್ದ ತೋಳಿನ ಮೈಕ್ ಸ್ಟ್ಯಾಂಡ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಇನ್ನು ಷರತ್ತಿನ ವಿಷಯ. ಕ್ರಾಸ್‌ಓವರ್ ಅಂದರೆ ಫೇಸ್‌ನ ಲೆಕ್ಕ, ಎರಡು ಡ್ರೈವರ್‌ಗಳ ತರಂಗಗಳು ಒಂದಕ್ಕೊಂದು ಎಷ್ಟು ಹೊಂದಿ ಬರುತ್ತವೆ ಎಂಬುದರ ಲೆಕ್ಕ. ವೂಫರ್‌ನ ಶಬ್ದ ಹೊರಡುವ ಬಿಂದು ಸಾಮಾನ್ಯವಾಗಿ ಟ್ವೀಟರ್‌ಗಿಂತ ಹಿಂದೆ ಇರುತ್ತದೆ. ಆ ಅಂತರ 25 ಮಿಮೀ ಎಂದಿಟ್ಟುಕೊಳ್ಳಿ. ಕ್ರಾಸ್‌ಓವರ್ ಬಿಂದು 2.2 ಕಿಲೋಹರ್ಟ್ಸ್ ಆದರೆ ಅಲ್ಲಿನ ತರಂಗ ಸುಮಾರು 156 ಮಿಮೀ ಉದ್ದ, ಹಾಗಾಗಿ ಅಷ್ಟು ಅಂತರವೇ 58 ಡಿಗ್ರಿ. ಎರಡು ಡ್ರೈವರ್‌ಗಳೂ ಒಟ್ಟಿಗೆ ನುಡಿಯುವ ಜಾಗದಲ್ಲಿ ಇಷ್ಟು ಲೆಕ್ಕ ತಪ್ಪಿದರೆ ಮೊತ್ತವೇ ತಪ್ಪುತ್ತದೆ. ಆದ್ದರಿಂದ ಶಬ್ದ ಎಷ್ಟು ಬಂತು ಎನ್ನುವಷ್ಟೇ ಮುಖ್ಯ, ಯಾವಾಗ ಬಂತು ಎನ್ನುವುದು. ಯೂಮಿಕ್-1ಗೆ ಅದು ತಾನಾಗಿ ತಿಳಿಯದು. ಶಬ್ದ ನುಡಿಸುವ ಸೌಂಡ್ ಕಾರ್ಡಿನ ಗಡಿಯಾರವೇ ಬೇರೆ, ಮೈಕ್ ಒಳಗಿನ ಗಡಿಯಾರವೇ ಬೇರೆ. ಜೊತೆಗೆ ಯುಎಸ್‌ಬಿಯ ವಿಳಂಬ ಪ್ರತಿ ಸ್ವೀಪ್‌ಗೂ (ಕೆಳದನಿಯಿಂದ ಮೇಲ್ದನಿಗೆ ಏರುವ ಪರೀಕ್ಷಾ ಶಬ್ದ) ಬದಲಾಗುತ್ತದೆ. ಯೂಮಿಕ್-2 ಕೊಂಡರೂ ಈ ತೊಡಕು ಹೋಗುವುದಿಲ್ಲ, ಅದೂ ಯುಎಸ್‌ಬಿ ಮೈಕೇ.

ದಾರಿ ಇದೆ. ಆರ್‌ಇಡಬ್ಲ್ಯೂನ ಅಳತೆ ಕಿಟಕಿಯಲ್ಲಿ ಟೈಮಿಂಗ್ ಎಂಬಲ್ಲಿ ಅಕೌಸ್ಟಿಕ್ ರೆಫರೆನ್ಸ್ ಆರಿಸಿ. ಎಡ ಚಾನೆಲ್ ಅಳೆಯಬೇಕಾದ ಡ್ರೈವರ್‌ಗೆ, ಬಲ ಚಾನೆಲ್ ಬೇರೊಂದು ಚಿಕ್ಕ ಸ್ಪೀಕರ್‌ಗೆ ಹೋಗಲಿ. ಪ್ರತಿ ಸ್ವೀಪ್‌ಗೆ ಮುಂಚೆ ಆ ಚಿಕ್ಕ ಸ್ಪೀಕರ್ 5ರಿಂದ 20 ಕಿಲೋಹರ್ಟ್ಸ್‌ವರೆಗಿನ ಒಂದು ಚಿಲಿಪಿಲಿ ಹಾಕುತ್ತದೆ, ಸಮಯವನ್ನು ಅದರಿಂದ ಎಣಿಸಲಾಗುತ್ತದೆ. ಆದ್ದರಿಂದ ಅದಕ್ಕೆ ಸರಿಯಾದ ಟ್ವೀಟರ್ ಇರಬೇಕು, ಮೊಬೈಲ್ ಗಾತ್ರದ ಡಬ್ಬಿ ಸಾಲದು. ಅದು ಬೇರೆ ಸ್ಟ್ಯಾಂಡ್ ಮೇಲೆ, ಮೈಕಿಗೆ ನೇರ ಕಾಣುವಂತೆ, ಕೊನೆಯ ಅಳತೆ ಮುಗಿಯುವವರೆಗೂ ಅಲುಗದೆ ಇರಬೇಕು. ಪೆಟ್ಟಿಗೆಯನ್ನು ತಿರುಗಿಸುವಾಗ ಅದರ ಮೂಲೆ ನಡುವೆ ಅಡ್ಡ ಬಂದರೂ ಸಮಯ ಕೆಡುತ್ತದೆ.

ಹೆಚ್ಚಿನವರು ಎಡವುವ ಇನ್ನೊಂದು ಜಾಗವಿದೆ. ವೂಫರ್‌ಗೆ 20 ಹರ್ಟ್ಸ್‌ನಿಂದ, ಟ್ವೀಟರ್‌ಗೆ 500 ಹರ್ಟ್ಸ್‌ನಿಂದ ಸ್ವೀಪ್ ಮಾಡುವುದು ವಾಡಿಕೆ. ಐದೂವರೆ ಸೆಕೆಂಡಿನ ಸ್ವೀಪ್‌ನಲ್ಲಿ ಮೊದಲನೆಯದು 2.2 ಕಿಲೋಹರ್ಟ್ಸ್ ಮುಟ್ಟುವುದು ಸುಮಾರು 3.7ನೇ ಸೆಕೆಂಡಿಗೆ, ಎರಡನೆಯದು 2.2ನೇ ಸೆಕೆಂಡಿಗೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಸಾಕು, ಆ ಒಂದೂವರೆ ಸೆಕೆಂಡಿನಲ್ಲಿ 30 ಮೈಕ್ರೋಸೆಕೆಂಡ್ ಜಾರಿ ಫೇಸ್ 24 ಡಿಗ್ರಿ ತಪ್ಪುತ್ತದೆ. ಅನಾಲಿಸಿಸ್ ಆಯ್ಕೆಗಳಲ್ಲಿ ಅಕೌಸ್ಟಿಕ್ ರೆಫರೆನ್ಸ್ ಬಳಸಿ ಗಡಿಯಾರ ಸರಿಹೊಂದಿಸುವ ಆಯ್ಕೆಗೆ ಗುರುತು ಹಾಕಿ. ಇನ್ನೂ ಒಳ್ಳೆಯದು, ದೂರದಿಂದ ಮಾಡುವ ಅಳತೆಯಲ್ಲಿ ಎರಡೂ ಡ್ರೈವರ್‌ಗೆ ಒಂದೇ ಶ್ರೇಣಿ, ಒಂದೇ ಉದ್ದ, ಒಂದೇ ವಾಲ್ಯೂಮ್. ಟ್ವೀಟರ್ ಉಳಿಯಬೇಕಾದರೆ ಮಟ್ಟ ತಗ್ಗಿಸಿ, ಆಂಪ್ಲಿಫಯರ್ ಆನ್ ಆದ ಮೇಲೆಯೇ ತಂತಿ ಜೋಡಿಸಿ. ರಕ್ಷಣೆಗೆಂದು ಸರಣಿಯಲ್ಲಿ ಹಾಕಿದ ಕೆಪಾಸಿಟರ್ ಅಳತೆಯೊಳಗೇ ಸೇರಿಕೊಳ್ಳುತ್ತದೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಕೋಣೆಯ ಪ್ರತಿಫಲನ ಕತ್ತರಿಸಲು ಎತ್ತರ ಮುಖ್ಯ. ಮೈಕ್ ಮತ್ತು ಡ್ರೈವರ್ ಎರಡೂ ನೆಲದಿಂದ 1.2 ಮೀಟರ್ ಮೇಲೆ, ನಡುವೆ 1 ಮೀಟರ್ ಇದ್ದರೆ ನೆಲಕ್ಕೆ ಬಡಿದು ಬರುವ ಶಬ್ದ 2.6 ಮೀಟರ್ ಸಾಗುತ್ತದೆ. ನೇರ ಶಬ್ದಕ್ಕಿಂತ 4.65 ಮಿಲಿಸೆಕೆಂಡ್ ತಡ. ತಂತ್ರಾಂಶದಲ್ಲಿ ಲೆಕ್ಕಕ್ಕೆ ಹಿಡಿಯುವ ಸಮಯದ ಕಿಟಕಿಯನ್ನು ಅಲ್ಲಿಗೇ ಮುಚ್ಚಬೇಕು, ಆಗ ಸುಮಾರು 215 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಅರ್ಥವಿಲ್ಲ. 3 ಮೀಟರ್ ಎತ್ತರದ ಚಾವಣಿ ಇರುವ ಕೋಣೆಯಲ್ಲಿ 1.5 ಮೀಟರ್ ಮೇಲಕ್ಕೆ ಏರಿಸಿದರೆ ಮಿತಿ 160 ಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ಕೆಳಗಿನ ಭಾಗಕ್ಕೆ ಮೈಕನ್ನು ವೂಫರ್‌ನ ನಡುಗುಬ್ಬಿಗೆ 5 ಮಿಮೀ ಹತ್ತಿರ ತಂದು ಅಳೆಯಬೇಕು. ಅಲ್ಲಿ ಶಬ್ದ ಜೋರಾಗಿರುವುದರಿಂದ ವಾಲ್ಯೂಮ್ ಸಾಕಷ್ಟು ಇಳಿಸದಿದ್ದರೆ ಮೈಕ್ ಕ್ಲಿಪ್ ಆಗುತ್ತದೆ, ಅಂದರೆ ತರಂಗದ ತುದಿಗಳು ಕತ್ತರಿಸಿಹೋಗುತ್ತವೆ. ಪೋರ್ಟ್ ಇದ್ದರೆ ಅದರ ಬಾಯಲ್ಲಿಯೂ ಅಳೆದು ವ್ಯಾಸದ ಅನುಪಾತಕ್ಕೆ ತಕ್ಕಂತೆ ತಗ್ಗಿಸಿ: 13 ಸೆಂಮೀ ಕೋನ್, 5 ಸೆಂಮೀ ಪೋರ್ಟ್ ಆದರೆ 8.3 ಡಿಬಿ. ಹತ್ತಿರದ ಅಳತೆಯಲ್ಲಿ ಬಾಫಲ್‌ನ (ಡ್ರೈವರ್‌ಗಳನ್ನು ಕೂರಿಸುವ ಪೆಟ್ಟಿಗೆಯ ಮುಂಬದಿ ಹಲಗೆ) ಪ್ರಭಾವ ಬರುವುದಿಲ್ಲ. ಅದನ್ನು ಸೇರಿಸದೆ ಹತ್ತಿರದ, ದೂರದ ಅಳತೆಗಳೆರಡನ್ನೂ ಹೊಲಿದರೆ ಬೇಸ್ ಇರುವುದಕ್ಕಿಂತ ದಪ್ಪಗೆ ಕಾಣುತ್ತದೆ.

ಈ ಹೊಲಿಗೆಗೂ ಮುಂದಿನ ವಿನ್ಯಾಸಕ್ಕೂ ಫಿನ್‌ಲೆಂಡಿನ ಕಿಮ್ಮೊ ಸೌನಿಸ್ಟೊ ಬರೆದಿರುವ ವಿಟುಯಿಕ್ಸ್‌ಕ್ಯಾಡ್‌ಗೆ ಸಾಟಿಯಾದ ಉಚಿತ ತಂತ್ರಾಂಶ ಇನ್ನೊಂದಿಲ್ಲ. ಅಳತೆಗಳನ್ನು ಹೊಲಿಯುವ ಅದರ ಮರ್ಜರ್ ಎಂಬ ಸಾಧನ ಬಾಫಲ್‌ನ ಲೆಕ್ಕವನ್ನೂ ತೆಗೆದುಕೊಳ್ಳುತ್ತದೆ. ಯೂಮಿಕ್ ಬಳಸುವವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಪ್ರತಿ ಡ್ರೈವರನ್ನೂ ಅದರದೇ ಎತ್ತರದಲ್ಲಿ ಅಳೆದು, ಬಾಫಲ್ ಮೇಲಿನ ಸ್ಥಾನವನ್ನು ಮಿಮೀಗಳಲ್ಲಿ ತುಂಬಿಸಬೇಕು. ಆಗ ಮೈಕನ್ನು ಏರಿಸಿ ಇಳಿಸಿದರೆ ಚಿಲಿಪಿಲಿ ಸ್ಪೀಕರ್‌ನಿಂದ ಮೈಕಿಗಿರುವ ದೂರವೇ ಬದಲಾಗಿ ಸಮಯ ಹಾಳಾಗುತ್ತದೆ. ಮೈಕ್ ಕದಲದಿರಲಿ, ಕೆಳಗೆ ಹಲಗೆ ಇಟ್ಟು ಪೆಟ್ಟಿಗೆಯನ್ನೇ ಏರಿಸಿ. ಎರಡನ್ನೂ ಟ್ವೀಟರ್ ಎತ್ತರದಿಂದಲೇ ಅಳೆದು, ಸ್ಥಾನವನ್ನೂ ತುಂಬಿಸಿದರೆ ಒಂದೇ ಅಂತರವನ್ನು ಎರಡು ಸಲ ಎಣಿಸಿದಂತೆ. ಪಕ್ಕಕ್ಕೆ 10 ಡಿಗ್ರಿಗೊಂದರಂತೆ ತಿರುಗಿಸುತ್ತಾ ಅಳೆಯಿರಿ, ತಿರುಗುವ ಅಕ್ಷ ಬಾಫಲ್‌ನ ಮುಖದಲ್ಲೇ ಇರಲಿ.

ಕ್ರಾಸ್‌ಓವರ್ ಕಟ್ಟಿದ ಮೇಲೆ ಎಲ್ಲವನ್ನೂ ಒರೆಗೆ ಹಚ್ಚುವ ಪರೀಕ್ಷೆ ಒಂದೇ. ಟ್ವೀಟರ್‌ನ ತಂತಿಗಳನ್ನು ಅದಲುಬದಲು ಮಾಡಿ ಅಳೆಯಿರಿ. ನಾಲ್ಕನೇ ದರ್ಜೆಯ ಲಿಂಕ್‌ವಿಟ್ಸ್-ರೈಲಿ ಎಂಬ ಬಗೆಯ ಇಳಿಜಾರು (ಕ್ರಾಸ್‌ಓವರ್ ಬಿಂದುವಿನಾಚೆ ಡ್ರೈವರ್‌ನ ಶಬ್ದ ತಗ್ಗುವ ರೀತಿ) ಸರಿಯಾಗಿ ಕೂತಿದ್ದರೆ ಕ್ರಾಸ್‌ಓವರ್ ಬಿಂದುವಿನಲ್ಲಿ 20 ಡಿಬಿಗೂ ಮಿಕ್ಕಿದ ಆಳವಾದ ಗುಂಡಿ ಬೀಳುತ್ತದೆ. ತಂತ್ರಾಂಶ ತೋರಿಸಿದ ಗುಂಡಿ ಒಂದು ಕಡೆ, ಅಳತೆಯದು ಇನ್ನೊಂದು ಕಡೆ ಬಿದ್ದರೆ ದೋಷ ಬಹುಪಾಲು ಸಮಯದ ಲೆಕ್ಕದಲ್ಲೇ ಇರುತ್ತದೆ.

ಯೂಮಿಕ್‌ನ ನಿಜವಾದ ಕೊರತೆ ಎಂದರೆ ಇಂಪೀಡೆನ್ಸ್, ಅಂದರೆ ಡ್ರೈವರ್ ವಿದ್ಯುತ್ತಿಗೆ ಒಡ್ಡುವ ತಡೆ; ಅದನ್ನು ಈ ಮೈಕ್ ಅಳೆಯಲಾರದು. ಕ್ರಾಸ್‌ಓವರ್ ನಿಂತಿರುವುದು ಡ್ರೈವರ್‌ನ ಇಂಪೀಡೆನ್ಸ್ ಮೇಲೆಯೇ. 8 ಓಮ್ ಎಂದುಕೊಂಡು ಸೂತ್ರ ಹಾಕಿದರೆ 2.2 ಕಿಲೋಹರ್ಟ್ಸ್‌ನ ಎರಡನೇ ದರ್ಜೆಯ ಲಿಂಕ್‌ವಿಟ್ಸ್-ರೈಲಿಗೆ 1.16 ಮಿಲಿಹೆನ್ರಿ, 4.5 ಮೈಕ್ರೋಫ್ಯಾರಡ್ ಬರುತ್ತದೆ. ರೆಡಿಮೇಡ್ ಬೋರ್ಡ್‌ಗಳ ಹಿಂದಿರುವುದೂ ಇಂಥದೇ ಲೆಕ್ಕ. ಆದರೆ ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸ್‌ನಿಂದ ವೂಫರ್‌ನ ಇಂಪೀಡೆನ್ಸ್ ಏರುತ್ತಲೇ ಹೋಗುತ್ತದೆ, ಸೂತ್ರ ಹೇಳಿದ ಇಳಿಜಾರು ಸಿಗುವುದಿಲ್ಲ. ಇದನ್ನು ಅಳೆಯಲು ಎರಡು ಇನ್‌ಪುಟ್ ಇರುವ ಸೌಂಡ್ ಇಂಟರ್‌ಫೇಸ್, 100 ಓಮ್ ರೆಸಿಸ್ಟರ್, ನಾಲ್ಕು ಕ್ಲಿಪ್ ಸಾಕು. ಇಲ್ಲವಾದರೆ ಡೇಟನ್ ಆಡಿಯೊದ ಡಾಟ್ಸ್ ಎಂಬ ಉಪಕರಣ. ಎರಡೂ ಯೂಮಿಕ್‌ನ ಮೇಲಿನ ಖರ್ಚು.

ಇಲ್ಲಿಯೇ ತೀರ್ಮಾನ ವಾಲುತ್ತದೆ. ಹೇಗೂ ಇಂಟರ್‌ಫೇಸ್ ಬೇಕು ಎಂದಾದರೆ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಕೊಡಬಲ್ಲ ಫೋಕಸ್‌ರೈಟ್ 2ಐ2ನಂಥದನ್ನು ಆರಿಸಿ, ಡೇಟನ್ ಇಎಂಎಂ-6 ತರಹದ ಎಕ್ಸ್‌ಎಲ್‌ಆರ್ ಮೈಕ್ ಜೋಡಿಸಿ. ಒಂದು ಔಟ್‌ಪುಟ್ಟನ್ನು ತಂತಿಯಿಂದ ಎರಡನೇ ಇನ್‌ಪುಟ್‌ಗೆ ಹಿಂದಿರುಗಿಸಿದರೆ ಸಮಯ ತಾನಾಗಿ ಸಿಗುತ್ತದೆ: ಚಿಲಿಪಿಲಿ ಸ್ಪೀಕರ್ ಬೇಡ, ಗಡಿಯಾರದ ಚಿಂತೆ ಬೇಡ, ಮೈಕನ್ನು ಬೇಕಾದ ಎತ್ತರಕ್ಕೆ ಒಯ್ಯಬಹುದು. ತಂತಿಯನ್ನು ಇಂಟರ್‌ಫೇಸ್‌ನ ಲೈನ್ ಔಟ್‌ಪುಟ್‌ನಿಂದಲೇ ತರಬೇಕು. ಕ್ಲಾಸ್-ಡಿ ಆಂಪ್ಲಿಫಯರ್‌ನ ಬ್ರಿಜ್ ಆದ ಸ್ಪೀಕರ್ ಟರ್ಮಿನಲ್‌ಗಳನ್ನು ಇನ್‌ಪುಟ್‌ಗೆ ಸಿಕ್ಕಿಸಿದರೆ ಎರಡರಲ್ಲಿ ಒಂದಾದರೂ ಸುಡಬಹುದು.

ಬಿಡಿಭಾಗಗಳ ಬಗ್ಗೆ ಎರಡು ಮಾತು, ಅಳತೆಯಷ್ಟೇ ಇವೂ ಫಲಿತಾಂಶವನ್ನು ತಿರುಗಿಸುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ 2.5, 3.15, 4 ಮೈಕ್ರೋಫ್ಯಾರಡ್‌ನ ಫ್ಯಾನ್ ಕೆಪಾಸಿಟರ್‌ಗಳು ಪಾಲಿಪ್ರೊಪಿಲಿನ್‌ನವೇ, ಟ್ವೀಟರ್‌ಗೆ ಧಾರಾಳವಾಗಿ ಬಳಸಬಹುದು. ಎಲ್‌ಸಿಆರ್ ಮೀಟರ್‌ನಿಂದ ಅಳೆದು ಜೋಡಿ ಆರಿಸಿ. ಕಾಯಿಲ್ ಸುತ್ತಲು ಮೋಟಾರ್ ವೈಂಡಿಂಗ್ ಅಂಗಡಿಯ 18 ಗೇಜ್ ತಾಮ್ರದ ತಂತಿ ಸಾಕು. ಸುತ್ತಿದ ಮೇಲೆ ಅದರ ಡಿಸಿ ರೆಸಿಸ್ಟೆನ್ಸ್ ಅಳೆದು ತಂತ್ರಾಂಶದಲ್ಲಿ ತುಂಬಿಸಿ. ಅರ್ಧ ಓಮ್ ಮರೆತರೂ ವೂಫರ್‌ನ ಮಟ್ಟ ಇಳಿಯುತ್ತದೆ. ಬೋರ್ಡಿನ ಮೇಲೆ ಎರಡು ಕಾಯಿಲ್‌ಗಳು ಒಂದಕ್ಕೊಂದು ಲಂಬವಾಗಿ, ದೂರದಲ್ಲಿರಲಿ.

ಕೈಯಲ್ಲಿ ಈಗಾಗಲೇ ಯೂಮಿಕ್-1 ಇರುವವರು, ಕಟ್ಟಬೇಕಿರುವುದು ಒಂದೇ ಜೋಡಿ ಸ್ಪೀಕರ್ ಆದರೆ, ಹೊಸ ಮೈಕಿಗೆ ಹಣ ಹಾಕಬೇಕಿಲ್ಲ. ಡಾಟ್ಸ್ ಅನ್ನು ಯಾರಿಂದಲಾದರೂ ಎರಡು ದಿನಕ್ಕೆ ಎರವಲು ತಂದು ಮೇಲಿನ ಕ್ರಮದಲ್ಲೇ ಅಳೆದರೆ ನಂಬಬಹುದಾದ ಕ್ರಾಸ್‌ಓವರ್ ಖಂಡಿತ ಬರುತ್ತದೆ. ಹೊಸದಾಗಿ ಕೊಳ್ಳುವವರಿಗೆ, ಕಸ್ಟಮ್ಸ್ ಸುಂಕ ಕಟ್ಟಿ ಯೂಮಿಕ್ ತರಿಸಿಕೊಳ್ಳುವ ಬದಲು ಆ ಹಣವನ್ನು ಇಂಟರ್‌ಫೇಸ್ ಕಡೆಗೆ ತಿರುಗಿಸಿ ಎಂದೇ ನಮ್ಮ ಸಲಹೆ.