ಬಾಕಿ ಬರುವ ಮೊದಲು ಓಪನ್ ಫೈಲ್ ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ನಮ್ಮೂರ ಕಡೆ ಪುನರ್ಪುಳಿ (ಕೋಕಂ) ಜ್ಯೂಸ್ ಮಾಡುವ ಒಂದು ಸಣ್ಣ ಕಂಪನಿಯವರು ಈಗ ನೆಲ್ಲಿಕಾಯಿ ಜ್ಯೂಸಿಗೆ ಹೊಸ ಡಿಸೈನರ್ ಹುಡುಕ್ತಿದ್ದಾರೆ ಅಂತ ಗೊತ್ತಾಯ್ತು. ಅದಕ್ಕೇ ಬರೀತಿದ್ದೇನೆ. ಹೆಸರು ಹಾಕುವುದಿಲ್ಲ. ಆದರೆ ಯಾರೇ ಕರೆದರೂ ಇದನ್ನೊಮ್ಮೆ ಓದಿ ಹೋಗಿ.

ಅವರ ಪುನರ್ಪುಳಿ ಜ್ಯೂಸಿಗೆ ಡಿಸೈನ್ ಮಾಡಿದ್ದು ನಾನು. ಲೋಗೋ, 700 ಎಂ.ಎಲ್. ಬಾಟಲಿಯ ಲೇಬಲ್, ಬಾಕ್ಸ್, ಎಲ್ಲ ಸೇರಿ 45,000 ಅಂತ ಮಾತಾಗಿತ್ತು. ಅಡ್ವಾನ್ಸ್ ಬಂದದ್ದು 10,000. ಎರಡು ತಿಂಗಳು ಕೂತು ಮಾಡಿದೆ. ‘ಪುನರ್ಪುಳಿ’ ಅನ್ನುವುದನ್ನು ಫಾಂಟಲ್ಲಿ ಹೊಡೆದದ್ದಲ್ಲ, ಕೈಯಲ್ಲಿ ಬರೆದದ್ದು. ಆ ಅರ್ಕಾವತ್ತನ್ನು ಹಣ್ಣಿನ ತೊಟ್ಟಿನ ಹಾಗೆ ಬಾಗಿಸಲಿಕ್ಕೇ ನಾಲ್ಕು ದಿನ ಹೋಯ್ತು.

ಒಂದು ಶನಿವಾರ ಸಂಜೆ ಫೋನ್. “ಪ್ರೆಸ್ಸಿನವರು ಸೈಜ್ ನೋಡ್ಬೇಕಂತೆ, ಓಪನ್ ಫೈಲ್ ಒಮ್ಮೆ ಹಾಕಿ ಮೇಡಂ. ಹಣ ಸೋಮವಾರ ಹಾಕ್ತೇನೆ. ನಾವೇನು ಓಡಿ ಹೋಗ್ತೇವಾ ಮಾರಾಯ್ರೆ?” ಪಿಡಿಎಫ್ ಸಾಕಲ್ವಾ ಅಂತ ಕೇಳಿದೆ ಕೂಡ. ಆಮೇಲೆ ಓಪನ್ ಫೈಲನ್ನೇ, ಅಂದರೆ ಯಾರು ಬೇಕಾದರೂ ತೆರೆದು ಬದಲಾಯಿಸಬಹುದಾದ ಕೋರಲ್ ಡ್ರಾ ಫೈಲನ್ನೇ ಕಳಿಸಿಬಿಟ್ಟೆ. ಯಾಕೆ ಕಳಿಸಿದೆ, ಯಾಕೆ ಕಳಿಸಿದೆ ಅಂತ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ.

ಸೋಮವಾರ ಬಂದದ್ದು ಹಣ ಅಲ್ಲ, ಮೆಸೇಜ್. “ಡಿಸೈನ್ ಪಾರ್ಟ್ನರಿಗೆ ಹಿಡಿಸಲಿಲ್ಲ, ಬೇಡ.” ನಂಬಿದೆ! ನನ್ನ ಕೆಲಸದಲ್ಲೇ ಏನೋ ಕಮ್ಮಿ ಇರಬೇಕು ಅಂತ ಬೇಜಾರು ಮಾಡಿಕೊಂಡೆ. ತಿಂಗಳು ಕಳೆದು ಪುತ್ತೂರು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಬಾಟಲಿ ಸಾಲಾಗಿ ಇಟ್ಟಿದ್ದಾರೆ. ನನ್ನ ಕಡುಗೆಂಪನ್ನು ನೇರಳೆ ಮಾಡಿದ್ದಾರೆ, ಅಷ್ಟೇ. ಅದೇ ಅರ್ಕಾವತ್ತು. ತಿರುಗಿಸಿ ನೋಡಿದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರಿನ ಜಾಗದಲ್ಲಿ 14 ಸೊನ್ನೆ. ಅವರು ನಂಬರ್ ಕೊಡುವ ತನಕ ಜಾಗ ಹಿಡಿಯಲಿಕ್ಕೆ ನಾನೇ ಹಾಕಿಟ್ಟ ಸೊನ್ನೆಗಳು! ಅದನ್ನೂ ಓದದೆ ಹಾಗೇ ಪ್ರಿಂಟ್ ಹಾಕಿಸಿದ್ದಾರೆ. ಅಂಗಡಿಯವರ ಎದುರೇ ಕಣ್ಣಲ್ಲಿ ನೀರು ಬಂತು. ಒಂದು ಬಾಟಲಿ ಕೊಂಡು ತಂದೆ, ಬಿಲ್ ಸಮೇತ ಇಟ್ಟಿದ್ದೇನೆ.

ಫೋನ್ ಮಾಡಿದರೆ ಮೊದಲು, “ಅದು ಪ್ರೆಸ್ಸಿನ ಹುಡುಗ ಮಾಡಿದ್ದು.” ಸೊನ್ನೆಗಳ ಫೋಟೋ ಕಳಿಸಿದೆ. ಆಗ, “ಕಲರ್ ಬೇರೆ ಉಂಟಲ್ಲ?” ಅಕ್ಷರ ನಾನು ಕೈಯಲ್ಲಿ ಬರೆದದ್ದು ಅಂದೆ. “ಕನ್ನಡ ಅಕ್ಷರ ಎಂಥ ನಿಮ್ಮ ಅಪ್ಪನ ಮನೆಯದ್ದಾ?” ಇದೇ ಮಾತು, ಒಂದಕ್ಷರ ಕೂಡಿಸಿಲ್ಲ. ಕೊನೆಗೆ, “ಅಡ್ವಾನ್ಸ್ ವಾಪಸ್ ಕೇಳಲಿಲ್ಲ ಅಂತ ಖುಷಿ ಪಡಿ.”

ಬಾಕಿ ಪೂರ್ತಿ ಖಾತೆಗೆ ಬೀಳುವ ತನಕ ಓಪನ್ ಫೈಲ್ ಕೊಡಬೇಡಿ. ಯಾರಿಗೂ. ಪರಿಚಯದವರಿಗೂ. ಸೈಜ್ ನೋಡಲಿಕ್ಕೆ ವಾಟರ್‌ಮಾರ್ಕ್ ಹಾಕಿದ ಪಿಡಿಎಫ್ ಧಾರಾಳ ಸಾಕು. ಅರ್ಧ ಹಣ ಮೊದಲೇ ಬಾರದಿದ್ದರೆ ಪೆನ್ಸಿಲ್ ಹಿಡಿಯಲೇಬೇಡಿ. ಇನ್ನು, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿ, ಸಹಿ ಹಾಕಿಯೇ ಆಗಬೇಕು. ನಾನು ಯಾವುದಕ್ಕೂ ಸಹಿ ಹಾಕಿಲ್ಲ. ವಕೀಲರ ನೋಟಿಸ್ ಹೋದ ಬುಧವಾರ ಕಳಿಸಿ ಆಯ್ತು. ಉತ್ತರ ಬಂದಿಲ್ಲ. ಬಾಟಲಿ ಮಾತ್ರ ಇವತ್ತೂ ಅದೇ ಅಂಗಡಿಯಲ್ಲಿ, ಅದೇ 14 ಸೊನ್ನೆಗಳ ಜೊತೆ ಮಾರಾಟ ಆಗ್ತಾ ಉಂಟು.