ಇಬಿ ಗ್ಯಾರಮಂಡ್: ಉದ್ದನೆಯ ಓದಿಗೆ ಹೇಳಿ ಮಾಡಿಸಿದ ಫಾಂಟ್

ಇಂಗ್ಲಿಷ್ ಪುಸ್ತಕದ ಪುಟ ಜೋಡಿಸಲು ಕೂತಾಗ ನಾನು ಮೊದಲು ಹಚ್ಚಿ ನೋಡುವುದು ಇಬಿ ಗ್ಯಾರಮಂಡ್. ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕಾದಂಬರಿ, ಪ್ರಬಂಧ, ಆತ್ಮಕಥೆಗೆ ಇದಕ್ಕಿಂತ ಹಿತವಾದ ಉಚಿತ ಫಾಂಟ್ ನನಗೆ ಸಿಕ್ಕಿಲ್ಲ.

ಗ್ಯಾರಮಂಡ್ ಎಂಬ ಹೆಸರಿನವೆಲ್ಲ ಒಂದೇ ಅಲ್ಲ. ವರ್ಡ್‌ನಲ್ಲಿ ಸಿಗುವ ಗ್ಯಾರಮಂಡ್‌ಗೆ ಮೂಲ 17ನೇ ಶತಮಾನದ ಜಾಂ ಜಾನೋಂ ಕೆತ್ತಿದ ಅಕ್ಷರಗಳು. ಹೆಸರು ಒಬ್ಬರದು, ಅಕ್ಷರ ಇನ್ನೊಬ್ಬರದು ಎಂಬ ಈ ಗೊಂದಲವನ್ನು ಬಿಡಿಸಿ ತೋರಿಸಿದವರು ಅಚ್ಚಕ್ಷರಗಳ ಇತಿಹಾಸ ಕೆದಕಿದ ಬಿಯಾಟ್ರಿಸ್ ವಾರ್ಡ್, 1926ರಲ್ಲಿ. ಇಬಿ ಗ್ಯಾರಮಂಡ್ ಹಾಗಲ್ಲ. 1561ರಲ್ಲಿ ತೀರಿಕೊಂಡ ಪ್ಯಾರಿಸ್ಸಿನ ಕ್ಲೋದ್ ಗಾರಮೋಂ ಅವರ ಅಚ್ಚುಮೊಳೆಗಳೇ ಇದರ ಬೇರು. ಫ್ರಾಂಕ್‌ಫರ್ಟಿನ ಎಗೆನಾಲ್ಫ್-ಬರ್ನರ್ ಅಚ್ಚುಮೊಳೆ ಕಾರ್ಖಾನೆ 1592ರಲ್ಲಿ ಹೊರತಂದ ಮಾದರಿ ಹಾಳೆಯನ್ನು ಮುಂದಿಟ್ಟುಕೊಂಡು ಆಸ್ಟ್ರಿಯಾದ ಗೇಯಾರ್ಗ್ ಡುಫ್ನರ್ ಇದನ್ನು ಬಿಡಿಸಿದರು. ಹೆಸರಿನ ‘ಇಬಿ’ ಅಂದರೆ ಇದೇ ಎಗೆನಾಲ್ಫ್-ಬರ್ನರ್. ಇಟ್ಯಾಲಿಕ್ (ಓರೆ ಅಕ್ಷರ) ಮಾತ್ರ ಅದೇ ಶತಮಾನದ ಇನ್ನೊಬ್ಬ ಕೆತ್ತನೆಗಾರ ರೋಬೇರ್ ಗ್ರಾಂಜೋಂ ಅವರ ಕೈಯದು. ಅದರ ಬಳುಕು ನನಗೆ ತುಂಬಾ ಇಷ್ಟ.

ಸಣ್ಣ ‘a’ಯ ಹೊಟ್ಟೆ ಪುಟ್ಟದು, ‘e’ಯ ಕಣ್ಣು ಇನ್ನೂ ಪುಟ್ಟದು. ‘o’ ಒಂಚೂರು ಎಡಕ್ಕೆ ಒರಗಿದೆ, ಅಗಲ ನಿಬ್ಬಿನ ಪೆನ್ನಿನಲ್ಲಿ ಬರೆದ ಹಾಗೆ. ದಪ್ಪ ಗೆರೆಗೂ ತೆಳು ಗೆರೆಗೂ ಜಾಸ್ತಿ ವ್ಯತ್ಯಾಸವಿಲ್ಲ. ಹಾಗಾಗಿ ಇಡೀ ಪುಟ ಒಂದೇ ಹದದಲ್ಲಿ ಕಾಣುತ್ತದೆ, ಯಾವ ಅಕ್ಷರವೂ ಕಣ್ಣಿಗೆ ಚುಚ್ಚುವುದಿಲ್ಲ.

ಸಣ್ಣಕ್ಷರಗಳ ಎತ್ತರ ಕಡಿಮೆ. 10 ಪಾಯಿಂಟ್‌ಗೆ ಇಟ್ಟರೆ ಓದಲು ಕಷ್ಟ, 11.5 ಅಥವಾ 12 ಕೊಡಿ. ಅಡಿಟಿಪ್ಪಣಿಯಲ್ಲಿ ತೊಂದರೆ ಇನ್ನೂ ಜಾಸ್ತಿ. ಸೀಸದ ಮೊಳೆಗಳ ಕಾಲದಲ್ಲಿ ಒಂದೊಂದು ಗಾತ್ರಕ್ಕೂ ಬೇರೆಬೇರೆಯಾಗಿ ಕೆತ್ತುತ್ತಿದ್ದರು, ಚಿಕ್ಕದನ್ನು ತುಸು ದಪ್ಪವಾಗಿ. ಡುಫ್ನರ್ ಕೂಡ 8 ಮತ್ತು 12 ಪಾಯಿಂಟ್‌ಗೆಂದು ಎರಡು ರೂಪ ಮಾಡಿದ್ದರು. ಗೂಗಲ್ ಫಾಂಟ್ಸ್‌ನಲ್ಲಿರುವುದು 12ರ ರೂಪವನ್ನು ಆಧರಿಸಿದ್ದು. 8 ಪಾಯಿಂಟ್‌ನಲ್ಲಿ ಅದು ಸೊರಗಿ ಹೋಗುತ್ತದೆ. ಅಡಿಟಿಪ್ಪಣಿ ಜಾಸ್ತಿ ಇರುವ ಪುಸ್ತಕವಾದರೆ ಡುಫ್ನರ್ ಅವರ ಹಳೆಯ ಫೈಲುಗಳನ್ನೇ ಹುಡುಕಿ ಹಾಕಿಕೊಳ್ಳಿ, ಅಥವಾ ಟಿಪ್ಪಣಿಗೆ ಮೀಡಿಯಂ ತೂಕ, ಅಂದರೆ ಗೆರೆ ತುಸು ದಪ್ಪವಿರುವ ರೂಪ ಬಳಸಿ.

ಗೂಗಲ್ ಆವೃತ್ತಿಯಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ 5 ತೂಕಗಳಿವೆ. ಬೋಲ್ಡ್ ನಾನು ಅಪರೂಪಕ್ಕೆ ಮುಟ್ಟುತ್ತೇನೆ. ಗಾರಮೋಂ ಕಾಲದಲ್ಲಿ ಬೋಲ್ಡ್ ಅನ್ನುವುದೇ ಇರಲಿಲ್ಲ ಅಲ್ವಾ? ಅಧ್ಯಾಯದ ಹೆಸರಿಗೆ ಸ್ಮಾಲ್ ಕ್ಯಾಪ್ಸ್ (ಸಣ್ಣಕ್ಷರದಷ್ಟು ಎತ್ತರದ ಕ್ಯಾಪಿಟಲ್ ಅಕ್ಷರ) ಎಷ್ಟೋ ಚೆನ್ನ.

ನಮ್ಮವರಿಗೆ ಒಂದು ವಿಶೇಷ ಲಾಭವಿದೆ. ಕನ್ನಡ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ದೀರ್ಘಕ್ಕೆ ಮೇಲೆ ಗೆರೆ, ‘ಳ’ ‘ಣ’ಗಳಿಗೆ ಕೆಳಗೆ ಚುಕ್ಕಿ ಬೇಕಲ್ಲ, ಅವೆಲ್ಲ ಇದರಲ್ಲೇ ಇವೆ. ಒಂದೇ ಸಾಲಿನಲ್ಲಿ ಕನ್ನಡ ಬಂದರೆ ಮಾತ್ರ ಎಚ್ಚರ. ನಮ್ಮ ದುಂಡು ಅಕ್ಷರದ ಪಕ್ಕ ಇದು ಕುಗ್ಗಿದಂತೆ ಕಾಣುತ್ತದೆ. ನಾನು ಕನ್ನಡವನ್ನು ಒಂದು ಪಾಯಿಂಟ್ ಇಳಿಸುತ್ತೇನೆ. ಒತ್ತಕ್ಷರಕ್ಕೆಂದು ಸಾಲಿನ ಅಂತರ ಹೇಗೂ ಹೆಚ್ಚಿಸಬೇಕು. ಆ ಜಾಗ ಗ್ಯಾರಮಂಡ್‌ನ ‘b’, ‘d’ಯಂಥ ಅಕ್ಷರಗಳ ಉದ್ದ ಕಡ್ಡಿಗಳಿಗೂ ಒಪ್ಪುತ್ತದೆ.

ಔಷಧಿ ಚೀಟಿ, ಬಿಲ್, ಮೊಬೈಲ್ ಆ್ಯಪ್‌ಗೆ ಇದು ಬೇಡ. ಪುಸ್ತಕಕ್ಕಾದರೆ ಕಣ್ಣು ಮುಚ್ಚಿ ಹಾಕಿಕೊಳ್ಳಿ. ಇದರ ಲೈಸೆನ್ಸ್ ಮುಕ್ತವಾದದ್ದು, ಮಾರುವ ಪುಸ್ತಕಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ. ಹೊಳೆಯುವ ಆರ್ಟ್ ಪೇಪರ್ ಬದಲು ನ್ಯಾಚುರಲ್ ಶೇಡ್ ಕಾಗದ ಕೇಳಿ. ಶಾಯಿ ಒಂಚೂರು ಹರಡಿ, ತೆಳು ಗೆರೆಗಳಿಗೆ ಬೇಕಾದ ಮೈ ಬರುತ್ತದೆ.